ಫಿಲಂನ ‘ಲ್ಯಾಟಿಟ್ಯೂಡ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ.

ಕಲರ್ ನೆಗೆಟಿವ್ ಫಿಲಂ ಬಗ್ಗೆ ಹೊಸಬರಿಗೆಂದು ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ರೀಲು ಹಾಕುವುದು, ತೊಳೆಸುವುದು, ಪ್ರಿಂಟ್ ಹಾಕಿಸುವುದು, ಇವಕ್ಕೆಲ್ಲ ಜನರ ಮಾತೇ ಇದೆ. ಸಿಕ್ಕಿಬಿದ್ದದ್ದು ‘ಲ್ಯಾಟಿಟ್ಯೂಡ್’ ಎಂಬಲ್ಲಿ. ನಿಘಂಟು ತೆರೆದರೆ ‘ಅಕ್ಷಾಂಶ’ ಅನ್ನುತ್ತದೆ. ‘ಈ ಫಿಲಂಗೆ ಅಕ್ಷಾಂಶ ಜಾಸ್ತಿ’ ಎಂದು ಬರೆದರೆ, ಉತ್ತರ ಧ್ರುವದ ಹತ್ತಿರ ತಯಾರಾಗುವ ಮಾಲು ಅಂದುಕೊಂಡಾರು.

ಬೆಳಕು ಕೊಡುವಾಗ ನಾವು ಲೆಕ್ಕ ತಪ್ಪಿದರೂ ಫಿಲಂ ಎಷ್ಟರಮಟ್ಟಿಗೆ ಸುಧಾರಿಸಿಕೊಂಡು ಹೋಗುತ್ತದೆ ಅನ್ನುವುದೇ ಈ ಲ್ಯಾಟಿಟ್ಯೂಡ್. ಹೋದ ತಿಂಗಳು ಚಿತ್ರದುರ್ಗದ ಕೋಟೆಗೆ ಕೊಡಕ್ ಗೋಲ್ಡ್ 200 ಎಂಬ ಕಲರ್ ನೆಗೆಟಿವ್ ಹಾಕಿಕೊಂಡು ಹೋಗಿದ್ದೆ. ನೆತ್ತಿ ಸುಡುವ ಬಿಸಿಲು. 200 ಸ್ಪೀಡಿನ (ಬೆಳಕಿಗೆ ಫಿಲಂ ಎಷ್ಟು ಚುರುಕು ಎಂಬುದರ ಅಂಕಿ) ಫಿಲಂಗೆ ಅಂಥಲ್ಲಿ ಲೆನ್ಸಿನ ತೆರಪು ಎಫ್ 16, ಶಟರ್ ಸೆಕೆಂಡಿನ 200ನೇ ಒಂದು ಭಾಗ ಸಾಕು ಎಂಬುದು ಹಳೆಯ ಲೆಕ್ಕ. ನಾನು ಬೇಕಂತಲೇ ಕ್ಯಾಮೆರಾದ ಸ್ಪೀಡನ್ನು 100ಕ್ಕೆ ಇಟ್ಟು ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಎರಡರಷ್ಟು ಬೆಳಕು ಕೊಟ್ಟೆ. ಬಂಡೆ, ಬುರುಜು, ಹಿಡಿಂಬೇಶ್ವರ ಗುಡಿ, ಎಲ್ಲ ಚೆನ್ನಾಗಿ ಬಂದವು. ಓಬವ್ವನ ಕಿಂಡಿಯ ಹತ್ತಿರ ಮಾತ್ರ ಆತುರಪಟ್ಟು ಹೊರಗಿನ ಬಿಸಿಲಿಗೆ ಬೆಳಕಿನ ಮೀಟರ್ ಹಿಡಿದೆ. ಬೆಳಕು ಸಾಲದೆ ಕಿಂಡಿಯೊಳಗಿನ ನೆರಳು ಕೆಸರು ಕಲಸಿದ ಹಾಗೆ, ಕಾಳುಕಾಳು.

ದಾವಣಗೆರೆಯ ಮಂಡಿಪೇಟೆಯಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರಿಗೆ ನೆಗೆಟಿವ್ ತೋರಿಸಿದೆ. ಕಿಟಕಿಗೆ ಹಿಡಿದು ನೋಡಿ ಅಂದರು: “ದೋಸೆ ಹಿಟ್ಟು ಗಟ್ಟಿಯಾದ್ರೆ ನೀರು ಹಾಕಬಹುದು, ನೀರಾದ್ರೆ ಏನ್ ಮಾಡ್ತೀಯಪ್ಪ? ಇದೂ ಅಷ್ಟೇ. ಬೆಳಕು ಹೆಚ್ಚಾದ್ರೆ ತಡಕಂತತಿ, ಕಮ್ಮಿಯಾದ್ರೆ ತಡಿಯಲ್ಲ.” ನೀರಾದ ಹಿಟ್ಟಿಗೆ ಇನ್ನಷ್ಟು ಹಿಟ್ಟು ಬೆರೆಸಬಹುದಲ್ಲ ಎಂದು ಬೆಣ್ಣೆದೋಸೆಯ ಊರಲ್ಲಿ ವಾದಿಸಲು ನನಗೆ ಧೈರ್ಯ ಬರಲಿಲ್ಲ. ಆದರೆ ಅವರ ಮಾತು ದಿಟ. ಬೆಳಕು ಹೆಚ್ಚಾದ ನೆಗೆಟಿವ್ ಗಟ್ಟಿಯಾಗುತ್ತದೆ, ಪ್ರಿಂಟ್ ಹಾಕುವಾಗ ಇನ್ನಷ್ಟು ಹೊತ್ತು ಬೆಳಕು ಬಿಟ್ಟರಾಯಿತು. ಬೆಳಕೇ ಬೀಳದ ಕಡೆ ಬಣ್ಣವೇ ಕಟ್ಟಿರುವುದಿಲ್ಲ. ಕಲರ್ ನೆಗೆಟಿವ್ ತೊಳೆಯುವ ಸಿ-41 ಎಂಬ ವಿಧಾನದಲ್ಲಿ ಫಿಲಂನಲ್ಲಿರುವ ಬೆಳ್ಳಿಯನ್ನೆಲ್ಲ ತೆಗೆದು ಬಣ್ಣವನ್ನಷ್ಟೇ ಉಳಿಸುತ್ತಾರಾದ್ದರಿಂದ ಅಲ್ಲಿ ಬರೀ ಕಿತ್ತಳೆ ತಳ ಉಳಿಯುತ್ತದೆ. ನೆಗೆಟಿವ್ ಬದಲು ನೇರವಾಗಿ ಚಿತ್ರವೇ ಮೂಡುವ ಸ್ಲೈಡ್ ಫಿಲಂ ಇದಕ್ಕೆ ತದ್ವಿರುದ್ಧ. ಬೆಳಕು ಸ್ವಲ್ಪ ಹೆಚ್ಚಾದರೂ ಬಿಳಿಚಿಕೊಂಡುಬಿಡುತ್ತದೆ.

ಅವರಾಡಿದ ‘ತಡಕಂತತಿ’ ನನಗೆ ಬಹಳ ಹಿಡಿಸಿತು. ತೊಡಕೇನೆಂದರೆ, ‘ತಡೆದುಕೊಳ್ಳು’ ಎಂಬ ಕ್ರಿಯಾಪದವನ್ನು ನಾಮಪದ ಮಾಡಹೊರಟರೆ ‘ತಡೆ’ ಆಗಿ ಅರ್ಥವೇ ಮಗುಚಿಕೊಳ್ಳುತ್ತದೆ. ‘ಬೆಳಕಿನ ತಡೆ’ ಅಂದರೆ ಬೆಳಕಿಗೆ ಅಡ್ಡ ನಿಲ್ಲುವುದು. ‘ತಾಳಿಕೆ’ ಒಳ್ಳೆಯ ಪದವೇ, ಆದರೆ ಅದು ಬಟ್ಟೆ, ಚಪ್ಪಲಿಗೆ ಒಗ್ಗಿಹೋಗಿದೆ. ‘ತಾಳಿಕೆಯ ಫಿಲಂ’ ಎಂದರೆ ಬೇಗ ಎಕ್ಸ್‌ಪೈರಿ ಆಗದ್ದು ಎಂದು ತಿಳಿಯುವವರೇ ಹೆಚ್ಚು. ‘ಸಹಿಷ್ಣುತೆ’ಗೆ ಸಂಪಾದಕೀಯದ ವಾಸನೆ. ‘ಧಾರಣಶಕ್ತಿ’ ಎಂದು ಒಬ್ಬರು ಸೂಚಿಸಿದರು. ನಮ್ಮೂರಲ್ಲಿ ಧಾರಣೆ ಅಂದರೆ ಮೆಕ್ಕೆಜೋಳದ ರೇಟು!

ಇನ್ನೊಂದು ಸಿಕ್ಕು. ಈ ಪದಗಳೆಲ್ಲ ಎರಡೂ ಕಡೆಗೆ ಸಮ ತೂಗುತ್ತವೆ, ನೆಗೆಟಿವ್‌ನ ಗುಣವಾದರೋ ಒಮ್ಮುಖ. ‘ಮೇಲ್ತಾಳಿಕೆ’, ‘ಕೆಳತಾಳಿಕೆ’ ಎಂದು ಒಡೆದು ನೋಡಿದೆ. ಕೇಳಲು ಕಟ್ಟಡದ ಮಹಡಿ ಎಣಿಸಿದಂತಿದೆ. ‘ಸ್ಟಾಪ್’ಗೆ ‘ಮಡಿ’ ಹಾಕೋಣವೆಂದರೂ ಆಗದು. ಎರಡು ಸ್ಟಾಪ್ ಎಂದರೆ ನಾಲ್ಮಡಿ, ಮೂರು ಎಂದರೆ ಎಂಟುಮಡಿ. ಅದನ್ನು ಹಾಗೇ ಬಿಟ್ಟಿದ್ದೇನೆ.

ಸದ್ಯಕ್ಕೆ ‘ಹೆಚ್ಚು ಬೆಳಕನ್ನು ತಡೆದುಕೊಳ್ಳುವ ಫಿಲಂ’ ಎಂದು ಕ್ರಿಯಾಪದದಲ್ಲೇ ಸಾಗಿಸುತ್ತಿದ್ದೇನೆ. ಗೋಲ್ಡ್ 200, ಕೊಡಕ್‌ನದೇ ಇನ್ನೊಂದು ನೆಗೆಟಿವ್ ಆದ ಪೋರ್ಟ್ರಾ 400, ಸ್ಲೈಡ್, ಮೂರನ್ನೂ ಹೋಲಿಸುವ ಪಟ್ಟಿಗೆ ಮಾತ್ರ ತಲೆಬರಹ ಬೇಕು, ಅಲ್ಲಿ ನಾಮಪದವಿಲ್ಲದೆ ಆಗುವುದಿಲ್ಲ. ಮಂಗಳೂರು, ಧಾರವಾಡ, ಕಲಬುರಗಿ ಕಡೆಯ ಸ್ಟುಡಿಯೋದವರು ಇದಕ್ಕೆ ಏನಾದರೂ ಅನ್ನುತ್ತಿದ್ದರೇ? ‘ತಾಳಿಕೆ’ಯನ್ನೇ ಇಟ್ಟು, ಮೊದಲ ಪುಟದಲ್ಲಿ ಅರ್ಥ ಹೇಳಿಬಿಟ್ಟರೆ ನಡೆದೀತೇ?