7 ಗೇರಿನ ಹಳೇ ಸೈಕಲ್‌ಗೆ 9 ಸ್ಪೀಡ್ ಕ್ಯಾಸೆಟ್: ಚೈನು ಅದೇ ಸಾಕಾ?

ಗುಡ್ಡದಾರಿ:
ಸೈಕಲ್ಲು 3x7 ಎಂಟಿಬಿ (ಮೌಂಟನ್ ಬೈಕ್). ಮುಂದೆ 42-34-24 ಹಲ್ಲು, ಹಿಂದೆ 14-28ರ ತಿರುಪಿನ ಫ್ರೀವೀಲ್ (ಹಬ್ಬಿಗೆ ತಿರುಪಿ ಕೂರಿಸೋ ಹಲ್ಲುಚಕ್ರಗಳು), ಶಿಮಾನೋ ಟೂರ್ನಿ ಟಿವೈ300 ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ). ಬಲಗಡೆ ಶಿಫ್ಟರು, ಬ್ರೇಕ್ ಲಿವರು ಎರಡೂ ಒಂದೇ ತುಂಡು. ನಂದಿ ಬೆಟ್ಟದ ಏರಿಗೆ 24-28 ಸಾಲ್ತಿಲ್ಲ, ಅದಕ್ಕೆ 11-34ರ 9 ಸ್ಪೀಡ್ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಹಾಕಿಸೋ ಯೋಚನೆ. ಚೈನು ಹೆಚ್ಚು ಓಡಿಲ್ಲ, 106 ಕೊಂಡಿ ಇದೆ. ಅದನ್ನೇ ಇಟ್ಕೋಬಹುದಾ?

ಕಡ್ಡಿ_ಕೀಲು:
ಆಗಲ್ಲ. ಪಿನ್ನಿಂದ ಪಿನ್ನಿಗೆ ಎಲ್ಲಾ ಚೈನೂ ಒಂದೇ, ಅರ್ಧ ಇಂಚು. ಬದಲಾಗೋದು ಅಗಲ. ನಿಮ್ಮ ಚೈನಿನ ಹೊರ ಅಗಲ ಸುಮಾರು 7.3 ಮಿ.ಮೀ., 9 ಸ್ಪೀಡಿಂದು 6.6.

0.7 ಮಿ.ಮೀ. ಏನು ಮಹಾ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. 9 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದ ನಡುವಿಂದ ಪಕ್ಕದ್ದರ ನಡುವಿಗೆ 4.35 ಮಿ.ಮೀ. ದೂರ. ಚಕ್ರದ ದಪ್ಪ 1.78, ಅದರಲ್ಲಿ ಅರ್ಧ ಕಳೆದರೆ ಪಕ್ಕದ ಚಕ್ರದ ಮೈ ಸಿಗೋದು 3.46ಕ್ಕೆ. ಚೈನು ನಡುವಿಂದ ಆ ಕಡೆ ಈ ಕಡೆ ಅರ್ಧರ್ಧ ಚಾಚಿರುತ್ತೆ, 7.3ರ ಅರ್ಧ 3.65. ಅಂದ್ರೆ ಪಕ್ಕದ ದೊಡ್ಡ ಚಕ್ರಕ್ಕೆ ಸದಾ ಉಜ್ಜುತ್ತೆ, ಒಂದೊಂದು ಸಲ ತಾನಾಗೇ ಮೇಲೆ ಹತ್ತೋಕೂ ನೋಡುತ್ತೆ. 6.6ರ ಚೈನಾದ್ರೆ 3.3, ಉಳಿಯೋ ಸಂದು 0.16 ಮಿ.ಮೀ. ಅಷ್ಟೇ! 9 ಸ್ಪೀಡಲ್ಲಿ ಕೇಬಲ್ ಒಂಚೂರು ಸಡಿಲಾದ್ರೂ ಕಿರಿಕಿರಿ ಶುರುವಾಗೋದು ಇದಕ್ಕೇ.

ಉಲ್ಟಾ ನಡೆಯುತ್ತೆ. 9ರ ಚೈನಿನ ಒಳ ಅಗಲ 2.18, 7ರ ಹಲ್ಲಿನ ದಪ್ಪ 1.85, ಆರಾಮಾಗಿ ಕೂರುತ್ತೆ. ಮುಂದಿನ ಮೂರು ಚೈನ್‌ರಿಂಗ್‌ಗೂ 9ರ ಚೈನು ಓಕೆ. ಆದ್ರೆ 10 ಸ್ಪೀಡಿನ ಆಸೆಗೆ ಬೀಳಬೇಡಿ: 5.9ರ ಚೈನು ಹಳೇ ಕ್ರ್ಯಾಂಕಿನ ಎರಡು ರಿಂಗ್‌ಗಳ ಮಧ್ಯೆ ಬಿದ್ದು ಸಿಕ್ಕಿಹಾಕಿಕೊಳ್ಳಬಹುದು.

ತ್ರೂಯಿಂಗ್_ಸ್ಟ್ಯಾಂಡ್:
ಚೈನಿನ ಮಾತು ಆಮೇಲೆ, ಮೊದಲು ಹಬ್ ನೋಡಿ. ನಿಮ್ಮದು ತಿರುಪಿನ ಫ್ರೀವೀಲ್ ಹಬ್, ಅದರ ಮೇಲೆ ಕ್ಯಾಸೆಟ್ ಕೂರೋದೇ ಇಲ್ಲ. ಕ್ಯಾಸೆಟ್ ಜಾರಿಸಿ ಕೂರಿಸೋ ಫ್ರೀಹಬ್ ಬೇಕು. ನಿಮ್ಮ ರಿಮ್ಮಿಗೇ ಕಟ್ಟಿಸೋದಾದ್ರೆ ಹಬ್ಬಿನ ತೂತಿನ ಲೆಕ್ಕ ರಿಮ್ಮಿಗೆ ಹೊಂದಬೇಕು, 36ಕ್ಕೆ 36. ಹಬ್ಬಿನ ಅಂಚಿನ ಅಳತೆ ಬೇರೆಯಾಗೋದ್ರಿಂದ ಕಡ್ಡಿಯ ಉದ್ದವೂ ಬದಲಾಗುತ್ತೆ, ಹಳೇ ಕಡ್ಡಿ ನಂಬಬೇಡಿ.

ಒಂದು ಎಚ್ಚರಿಕೆ: ಫ್ರೀವೀಲ್ ಬಿಚ್ಚಿದ ಮೇಲೇ ಕಡ್ಡಿ ಬಿಚ್ಚಿ. ಚಕ್ರ ಇಡಿಯಾಗಿದ್ದರೇ ಫ್ರೀವೀಲ್ ಟೂಲನ್ನ ವೈಸಿಗೆ ಕಚ್ಚಿಸಿ ಚಕ್ರವನ್ನೇ ಸ್ಟೀರಿಂಗ್ ಥರ ಎಡಕ್ಕೆ ತಿರುಗಿಸೋಕೆ ಆಗೋದು. ಕಡ್ಡಿ ತೆಗೆದ ಬರೀ ಹಬ್ಬಿಗೆ ಹಿಡಿತವೇ ಸಿಗಲ್ಲ.

8/9/10 ಸ್ಪೀಡಿನ ಫ್ರೀಹಬ್ಬಿಗೆ 9ರ ಕ್ಯಾಸೆಟ್ ಸ್ಪೇಸರ್ ಇಲ್ಲದೆ ಕೂರುತ್ತೆ. ರೋಡ್ ಬೈಕಿನ 11 ಸ್ಪೀಡ್ ಹಬ್ ತಂದರೆ ಒಳಗೆ 1.85 ಮಿ.ಮೀ. ಸ್ಪೇಸರ್ ಹಾಕಿ. ಲಾಕ್‌ರಿಂಗ್ 40 ನ್ಯೂಟನ್ ಮೀಟರ್.

ಶಿಫ್ಟರ್ ಬಲಗಡೆಯದ್ದು ಮಾತ್ರ ಬದಲಿಸಿ, ಶಿಮಾನೋ 9 ಸ್ಪೀಡ್ ಎಂಟಿಬಿಯದ್ದು. ನಿಮ್ಮದು ಒಂದೇ ತುಂಡು ಅಂದಿರಲ್ಲ, ಅದು ಹೋದ್ರೆ ಬ್ರೇಕ್ ಲಿವರೂ ಹೋಯ್ತು! ಬಲಗಡೆಗೆ ಬಿಡಿ ಲಿವರ್ ಒಂದನ್ನ ಪಟ್ಟಿಗೆ ಸೇರಿಸಿ. ಡಿರೇಲರ್ ಅದೇ ಇರಲಿ, ಕೇಬಲ್ ಎಳೆತದ ಅನುಪಾತ ಎರಡಕ್ಕೂ ಒಂದೇ. ಅದರ ಸಾಮರ್ಥ್ಯ (ಮುಂದೆ, ಹಿಂದೆ ದೊಡ್ಡದು-ಚಿಕ್ಕದರ ವ್ಯತ್ಯಾಸ ಕೂಡಿದ್ದು) 43 ಹಲ್ಲು. ನಿಮಗೆ ಬೇಕಾಗೋದು ಮುಂದೆ 18, ಹಿಂದೆ 23, ಒಟ್ಟು 41.

ಏರುದಾರಿ:
ಬೇಕಿರೋದು ಏರಿಗೆ ಹಗುರ ಗೇರು ತಾನೆ? ಹಾಗಾದ್ರೆ ಇಷ್ಟೆಲ್ಲಾ ಖರ್ಚು ಯಾಕೆ? 14-34ರ 7 ಸ್ಪೀಡ್ ಫ್ರೀವೀಲ್ ಸಿಗುತ್ತೆ, ಶಿಮಾನೋ ಟಿಜೆಡ್510. ಅದೇ ಹಬ್ಬು, ಅದೇ ಶಿಫ್ಟರು, ಅದೇ ಚೈನು. 24-28 ಅಂದ್ರೆ 0.86 (ಪೆಡಲ್ ಒಂದು ಸುತ್ತಿಗೆ ಚಕ್ರ ಇಷ್ಟು ಸುತ್ತು), 24-34 ಅಂದ್ರೆ 0.71, 11-34ರ ಕ್ಯಾಸೆಟ್ ಕೊಡೋದೂ ಅಷ್ಟೇ. ಒಂದೇ ಕೊರತೆ: 24 ಹಲ್ಲಿಂದ ಸೀದಾ 34ಕ್ಕೆ ಜಿಗಿಯುತ್ತೆ, ಕಾಲಿಗೆ ಗೊತ್ತಾಗುತ್ತೆ.

ಗುಡ್ಡದಾರಿ:
ಇದೇ ಸರಿ ಅನ್ನಿಸ್ತಿದೆ. ಹಾಗಿದ್ರೆ ಚೈನು ಮುಟ್ಟೋದೇ ಬೇಡವಾ?

ಕಡ್ಡಿ_ಕೀಲು:
ತಡೀರಿ, "ಅದೇ ಚೈನು" ಅನ್ನೋದು ಅಗಲಕ್ಕೆ ಸರಿ, ಉದ್ದಕ್ಕಲ್ಲ. ಕ್ರ್ಯಾಂಕಿನ ಅಚ್ಚಿಂದ ಹಿಂದಿನ ಚಕ್ರದ ಅಚ್ಚಿಗೆ 17 ಇಂಚು ಅಂತಿಟ್ಕೊಳ್ಳಿ. ಅದರ ಎರಡರಷ್ಟು 34, ಮುಂದಿನ ದೊಡ್ಡ ರಿಂಗಿನ ಕಾಲು ಭಾಗ 10.5, ಹಿಂದಿನ ದೊಡ್ಡದರ ಕಾಲು ಭಾಗ 8.5, ಮೇಲೊಂದು ಇಂಚು. ಒಟ್ಟು 54 ಇಂಚು, ಅಂದ್ರೆ 108 ಕೊಂಡಿ. 28 ಹಲ್ಲಿಗೆ 52.5 ಬರುತ್ತಿತ್ತು, 53ಕ್ಕೆ ಏರಿಸಿ 106 ಹಾಕಿದ್ದಾರೆ. ಅದೇ ಚೈನಲ್ಲಿ ಮರೆತು 42-34ಕ್ಕೆ ಹಾಕಿದ್ರೋ, ಡಿರೇಲರ್ ಮುಂದಕ್ಕೆ ಎಳೆದುಕೊಂಡು ಅದು ಫ್ರೇಮಿಗೆ ತೂಗೋ ಹ್ಯಾಂಗರ್ ಸಮೇತ ಕಿತ್ತು ಬರಬಹುದು.

ತುಂಡು ಸೇರಿಸೋ ಮುಂಚೆ ಸವೆತ ಅಳೆಯಿರಿ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನ ಒಂದು ಪಿನ್ನಿನ ನಡುವಿಗೆ ಹಿಡಿದು 24 ಕೊಂಡಿ ಎಣಿಸಿ. ಕೊನೇ ಪಿನ್ನು ಸರಿಯಾಗಿ 12 ಇಂಚಿಗೆ ಬಂದರೆ ಚೈನು ಚೆನ್ನಾಗಿದೆ, ಸೇರಿಸಿ. 1/16 ಇಂಚು ದಾಟಿದ್ದರೆ 116 ಕೊಂಡಿಯ ಹೊಸ ಚೈನು ತಂದು 8 ಕಳೆಯಿರಿ, 6/7/8 ಸ್ಪೀಡಿನದ್ದು. 1/8 ದಾಟಿದ್ದರೆ 34ರ ನಡು ರಿಂಗಿನ ಹಲ್ಲೂ ನೋಡಿ; ಒಂದು ಕಡೆ ವಾಲಿ ಕೊಕ್ಕೆಯಾಗಿದ್ದರೆ ಹೊಸ ಚೈನು ಅಲ್ಲಿ ಕಚ್ಚಿಕೊಂಡು ಮೇಲಕ್ಕೆ ಹೋಗಿ ಫ್ರೇಮಿಗೆ ಸಿಕ್ಕಿಕೊಳ್ಳುತ್ತೆ.

ತ್ರೂಯಿಂಗ್_ಸ್ಟ್ಯಾಂಡ್:
ಜೋಡಿಸೋಕೆ ಕ್ವಿಕ್ ಲಿಂಕ್ (ಪಿನ್ ಹೊಡೆಯದೆ ಸೇರಿಸೋ ಕೊಂಡಿ) ತಗೊಳ್ಳಿ, ಪ್ಯಾಕಿನ ಮೇಲೆ 6/7/8 ಅಂತಲೇ ಇರಬೇಕು. 9ರದ್ದು 7.3ರ ಚೈನಿಗೆ ಪೂರ್ತಿ ಲಾಕ್ ಆಗಲ್ಲ. ನಿಮ್ಮ ಚೈನಿಗೆ ಒಂದೇ ಇಂಚು ಸೇರಿಸೋದಾದ್ರೆ ಅದೇ ಅಗಲದ ಚೈನಿಂದ ಒಂದು ಒಳಕೊಂಡಿ ಬಿಡಿಸಿ, ಅದರ ಎರಡೂ ಕಡೆಗೆ ಒಂದೊಂದು ಕ್ವಿಕ್ ಲಿಂಕ್ ಹಾಕಿ. ಈಗ ಚೈನಲ್ಲೇ ಒಂದು ಲಿಂಕ್ ಇದ್ದರೆ ಇನ್ನೊಂದು ಸಾಕು. ಲಾಕ್ ಮಾಡೋಕೆ ಅದನ್ನ ಮೇಲ್ಭಾಗದ ಚೈನಿಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಬಲವಾಗಿ ತುಳಿಯಿರಿ, ಟಕ್ ಅನ್ನುತ್ತೆ. 34ರ ಚಕ್ರ ಡಿರೇಲರಿನ ಮೇಲಿನ ಗಾಲಿಗೆ ತಾಕಿದರೆ ಬಿ-ಸ್ಕ್ರೂ (ಆ ಗಾಲಿಯನ್ನ ಚಕ್ರದಿಂದ ದೂರ ಇಡೋ ಡಿರೇಲರಿನ ತಿರುಪು) ಒಳಕ್ಕೆ ತಿರುಗಿಸಿ.