ಹಿತ್ತಲ ನೆಲ್ಲಿ ಗಿಡ ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ. ಕಡಿಸಬೇಕಾ?

ಲಕ್ಷ್ಮೇಶ್ವರದಿಂದ ಪ್ರಶ್ನೆ:
ನಮ್ಮ ಹಿತ್ತಲಲ್ಲಿ ಒಂದು ಕಸಿ ಮಾಡಿದ ಬೆಟ್ಟದ ನೆಲ್ಲಿ ಇದೆ. ಹಚ್ಚಿ ಐದಾರು ವರ್ಷ ಆಯಿತು. ಶಿವರಾತ್ರಿ ಕಳೆದ ಮೇಲೆ ಟೊಂಗೆ ತುಂಬಾ ಹೂ. ದೀಪಾವಳಿಗೆ ನೋಡಿದರೆ ಒಂದು ಮುಷ್ಟಿ ಕಾಯಿ ಸಿಗುವುದಿಲ್ಲ. ಗೊಡ್ಡು ಗಿಡ, ಕಡಿಸಿ ನಿಂಬೆ ಹಚ್ಚಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಅನುಭವ ಇದ್ದವರು ತಿಳಿಸಿ.

ಧಾರವಾಡದಿಂದ:
ಕಡಿಸಬೇಡಿ ಅಕ್ಕಾ, ಗಿಡದ ತಪ್ಪಿಲ್ಲ. ಅದು ಒಂಟಿಯಾಗಿದೆ, ಅಷ್ಟೆ. ನೆಲ್ಲಿಗೆ ತನ್ನದೇ ತಳಿಯ ಪರಾಗದಿಂದ ಕಾಯಿ ಕಟ್ಟುವುದು ಬಹಳ ಕಮ್ಮಿ. ಹತ್ತಿರದಲ್ಲಿ ಬೇರೆ ತಳಿಯ ಇನ್ನೊಂದು ಗಿಡ ಇರಲೇಬೇಕು. ನಿಮ್ಮದು ಎನ್‌ಎ-7 ತಳಿ ಆಗಿದ್ದರೆ ಜೊತೆಗೆ ಕೃಷ್ಣ ಅಥವಾ ಕಾಂಚನ್ ತಳಿ ಹಚ್ಚಿ. ಅದೇ ತಳಿಯ ಎರಡು ಗಿಡ ತಂದರೆ ಪ್ರಯೋಜನ ಇಲ್ಲ. ನರ್ಸರಿಯಲ್ಲಿ ತಳಿಯ ಹೆಸರು ಕೇಳಿಯೇ ತನ್ನಿ.

ಮುಂದಿನ ಸಲ ಹೂ ಬಂದಾಗ ಒಂದು ಎಳೆ ಕಡ್ಡಿ ಹಿಡಿದು ಹತ್ತಿರದಿಂದ ನೋಡಿ. ಎಲೆಗಳ ಬುಡದಲ್ಲಿ ಗುಂಪುಗುಂಪಾಗಿ ಇರುವ ಹಳದಿ ಹಸಿರು ಹೂ ಹೆಚ್ಚುಕಮ್ಮಿ ಎಲ್ಲಾ ಗಂಡು. ಹೆಣ್ಣು ಹೂ ತುದಿಯ ಕಡೆ ಅಲ್ಲೊಂದು ಇಲ್ಲೊಂದು, ಅದೂ ಎಲ್ಲಾ ಕಡ್ಡಿಯಲ್ಲಿ ಇರುವುದಿಲ್ಲ. ಟೊಂಗೆ ತುಂಬಾ ಕಾಣುವ ಹೂವೆಲ್ಲಾ ಕಾಯಿ ಆಗುವಂಥದ್ದಲ್ಲ. ಇರುವ ಸ್ವಲ್ಪ ಹೆಣ್ಣು ಹೂವಿಗೆ ಸರಿಯಾದ ಪರಾಗ ಸಿಗಬೇಕು.

ಇನ್ನೊಂದು ಮಾತು. ಹೂವಿಗೆ ಮೊದಲು ಗಿಡ ಎಲೆ ಉದುರಿಸಿ ಬೋಳಾಗುತ್ತದೆ. ಎಲೆ ಅಷ್ಟೇ ಅಲ್ಲ, ಎಲೆ ಹೊತ್ತ ಸಣ್ಣ ಕಡ್ಡಿಯೂ ಉದುರುತ್ತದೆ. ಒಣಗುತ್ತಿದೆ ಅಂತ ಹೆದರಿ ಜನ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹೂವಿನ ಹೊತ್ತಲ್ಲಿ, ಅಂದರೆ ಮಾರ್ಚ್‌ನಿಂದ ಏಪ್ರಿಲ್ ಅರ್ಧದವರೆಗೆ, ನೀರು ಬಿಡಬೇಡಿ. ಹೂ ಉದುರುತ್ತದೆ.

ಡಂಬಳದಿಂದ:
ಮೇಲಿನವರು ಹೇಳಿದ್ದು ಖರೆ. ನಮ್ಮ ಕಪ್ಪತಗುಡ್ಡದ ನೆಲ್ಲಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ನೀರು ಹಾಕುವುದಿಲ್ಲ. ಆದರೂ ಕಾಯಿ ಹಿಡಿಯುತ್ತದೆ. ಬೀಜದಿಂದ ಬಂದ ಗಿಡಗಳು ಒಂದರಂತೆ ಒಂದು ಇರುವುದಿಲ್ಲ, ಹಂಗಾಗಿ ಪರಾಗಕ್ಕೆ ಬರ ಇಲ್ಲ. ಕಾಯಿ ಸಣ್ಣದು, ಒಗರು ಜಾಸ್ತಿ. ಅಲ್ಲಿಂದ ಸಸಿ ಕಿತ್ತು ತರುವ ಯೋಚನೆ ಮಾತ್ರ ಬೇಡ. 2019ರಿಂದ ಅದು ವನ್ಯಜೀವಿ ಧಾಮ.

ಹಿತ್ತಲಲ್ಲಿ ಜಾಗ ಇಲ್ಲ ಅಂದರೂ ದಾರಿ ಇದೆ. ಇರುವ ಗಿಡದ ಒಂದೆರಡು ಟೊಂಗೆಗೆ ಬೇರೆ ತಳಿಯ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕೂಡಿಸಿ. ಮಳೆಗಾಲದಲ್ಲಿ ತೊಗಟೆ ಸಲೀಸಾಗಿ ಬಿಡುತ್ತದೆ, ಆಗ ಕಸಿ ಕಟ್ಟುವವರನ್ನು ಕರೆಸಿ. ಒಂದೇ ಗಿಡದಲ್ಲಿ ಎರಡು ತಳಿ ಆಗುತ್ತದೆ.

ಬೇಸಿಗೆಯಲ್ಲಿ ಕಾಯಿ ಹುಡುಕಬೇಡಿ. ಹೂ ಕಟ್ಟಿದ ಮೇಲೆ ಕಾಯಿ ಸುಮ್ನೆ ಮಲಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಜೂನ್‌ನಲ್ಲಿ ಮಿರಗದ (ಮೃಗಶಿರ) ಮಳೆ ಹಿಡಿದ ಮೇಲೇ ಬೆಳೆಯಲು ಶುರು.

ರಾಣೆಬೆನ್ನೂರಿನಿಂದ:
ನಮ್ಮದು ಎರೆ ಹೊಲ. ನೆಲ್ಲಿ ಸವುಳು ತಡೆಯುತ್ತದೆ, ಬರ ತಡೆಯುತ್ತದೆ, ಬುಡದಲ್ಲಿ ನಿಂತ ನೀರು ತಡೆಯುವುದಿಲ್ಲ. ಬುಡಕ್ಕೆ ಮಣ್ಣು ಏರಿಸಿ ನೀರು ಹರಿದು ಹೋಗುವಂತೆ ಮಾಡಿ. ಮುಂದೆ ಕಾಯಿ ಬಂದಾಗ ಒಳಗೆ ತಿರುಳು ಕಂದಾಗಿದ್ದರೆ ಅದು ಬೋರಾನ್ ಕೊರತೆ. ಲೀಟರಿಗೆ 6 ಗ್ರಾಂ ಬೋರಾಕ್ಸ್ ಕಲಸಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ 10–15 ದಿನಕ್ಕೊಮ್ಮೆ ಸಿಂಪಡಿಸಬೇಕು. ಟೊಂಗೆ ಬಹಳ ಪೆಳಸು, ಕಾಯಿ ಭಾರಕ್ಕೆ ಮುರಿಯುತ್ತದೆ. ಬಿದಿರಿನ ಊರುಗೋಲು ಕೊಡಿ.

ಲಕ್ಷ್ಮೇಶ್ವರದಿಂದ:
ಎಲ್ಲರಿಗೂ ಶರಣು. ನಮ್ಮದು ಎನ್‌ಎ-7 ಅಂತ ಪಕ್ಕಾ ಆಯಿತು. ಈ ಮಳೆಗೆ ಒಂದು ಕೃಷ್ಣ ಹಚ್ಚುತ್ತೇವೆ. ಎಷ್ಟು ದೂರ ಇರಬೇಕು?

ಧಾರವಾಡದಿಂದ:
ತೋಟದಲ್ಲಿ 8 ಮೀಟರ್ ಬಿಡುತ್ತಾರೆ. ಹಿತ್ತಲಲ್ಲಿ 6 ಆದರೂ ನಡೆಯುತ್ತದೆ, ಗೋಡೆಯಿಂದ ಮಾತ್ರ ದೂರ ಇರಲಿ. ಹೂವಿನ ಹೊತ್ತಲ್ಲಿ ಔಷಧ ಹೊಡೆಯಬೇಡಿ, ಜೇನುಹುಳ ಬರಬೇಕಲ್ವಾ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಹೂವಿಗೆ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಬೇಡ ಅಂದರೆ ಡಂಬಳದ ಅಣ್ಣ ಹೇಳಿದ ಕಣ್ಣು ಕಸಿಯನ್ನೂ ಜೊತೆಗೇ ಮಾಡಿಸಿ.

ಹುಬ್ಬಳ್ಳಿಯಿಂದ:
ನಾನು ಗಿಡದ ವಿಷಯ ಹೇಳಲಾರೆ, ಕಾಯಿ ಬಂದ ಮೇಲಿನದು ಹೇಳುತ್ತೇನೆ. ತುಳಸಿ ಲಗ್ನಕ್ಕೆ ಒಂದು ಟೊಂಗೆ ಕಾಯಿ ಸಮೇತ ತೆಗೆದಿಟ್ಟು, ಬಲಿತ ಉಳಿದ ಕಾಯಿ ತೊಕ್ಕಿಗೆ ಇಡಿ. ಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರಾ ಆರಬೇಕು. ಕಲ್ಲಲ್ಲಿ ಜಜ್ಜಿ ಬೀಜ ತೆಗೆಯಿರಿ. ಉಪ್ಪು, ಅರಿಶಿನ, ಹುರಿದ ಮೆಂತ್ಯದ ಪುಡಿ, ಇಂಗು ಹಾಕಿ ರುಬ್ಬಿ ಭರಣಿಯಲ್ಲಿ ಒತ್ತಿ ತುಂಬಿ. ಕಬ್ಬಿಣದ ಪಾತ್ರೆ ಬೇಡ, ಕಪ್ಪಾಗುತ್ತದೆ. ಬೇಕಾದಾಗ ಸ್ವಲ್ಪ ತೆಗೆದು, ಹಸಿಮೆಣಸಿನಕಾಯಿ ಅರೆದು ಕೂಡಿಸಿ, ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಭರಣಿಗೆ ಒದ್ದೆ ಚಮಚ ತಾಗದಂತೆ ನೋಡಿಕೊಂಡರೆ ಮುಂದಿನ ಕಾಯಿ ಬರುವವರೆಗೂ ಬಾಳುತ್ತದೆ.