ಅನುಭವ ಹಂಚಿಕೊಳ್ಳಿ: ಪುರಾತತ್ವದಲ್ಲಿ ನಮ್ಮಂಥವರ ಮಕ್ಕಳನ್ನು ತಗೋತಾರಾ?

ಪ್ರಶ್ನೆ (ಗದಗ): ತಂಗಿಯ ಬಿಎ ಮುಗಿಯಿತು. ಧಾರವಾಡದಲ್ಲಿ ಪ್ರಾಚೀನ ಇತಿಹಾಸ, ಶಾಸನಶಾಸ್ತ್ರ ಎಂಎ ಮಾಡಿ ಉತ್ಖನನದ ಕೆಲಸಕ್ಕೆ ಸೇರುವ ಆಸೆ. ಅಪ್ಪ ಲಕ್ಕುಂಡಿ ಕಡೆ ಕೂಲಿ. ಇಂಗ್ಲಿಷ್ ಅಷ್ಟಕ್ಕಷ್ಟೇ. ಹಳ್ಳಿಯ ದಲಿತ ಹುಡುಗಿಗೆ ಅಲ್ಲಿ ಜಾಗ ಇದೆಯಾ?

ಹಾವೇರಿ ಅಕ್ಕ: ನನ್ನನ್ನು ತಗೊಂಡರು. ಆದರೆ ಖರ್ಚು ಕೇಳಿ. ಬೂಟು 1,850. ಕರಣಿ, ಬ್ರಷ್, ಟೋಪಿ ಸೇರಿ 1,200. ದೆಹಲಿಯಲ್ಲಿ ಸಂದರ್ಶನ ಅಂದಾಗ ಅಪ್ಪನ ಟಿಕೆಟ್ಟೂ ನಮ್ಮ ತಲೆಗೇ ಬಂತು, ಒಬ್ಬಳನ್ನೇ ಕಳಿಸಲು ಅವ್ವ ಒಪ್ಪಲಿಲ್ಲ. ಲಾಡ್ಜ್ 900. ಅವ್ವನ ಬೋರಮಾಳ ಒತ್ತೆ ಇಟ್ಟೆವು, ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಉತ್ಖನನದ ಕ್ಯಾಂಪಿನಲ್ಲಿ ಶೌಚಾಲಯ ಇರಲಿಲ್ಲ. ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟೆ, ಸೋಂಕಾಯಿತು, ಟೆಸ್ಟು ಮಾತ್ರೆಗೆ 2,300. ಆದರೂ ಟ್ರೆಂಚಿನಲ್ಲಿ, ಅಂದರೆ ಅಗೆದ ಗುಂಡಿಯಲ್ಲಿ, ಮಣ್ಣಿನ ಪದರ ಗುರುತಿಸಲು ನನ್ನನ್ನೇ ಕರೆಯುತ್ತಿದ್ದರು. ಗೋಡೆಗೆ ನೀರು ಚಿಮುಕಿಸಿದರೆ ಬೂದಿ ಬೆರೆತ ಮಣ್ಣು ಬೇರೆ ಬಣ್ಣಕ್ಕೆ ತಿರುಗುತ್ತದೆ. ಹೊಲದಲ್ಲಿ ಬೆಳೆದವಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಧಾರವಾಡ: ಹೆಂಗಸರಿಗೆ ಜಾಗ ಇಲ್ಲ ಅನ್ನಬೇಡಿ. ದೇಬಲಾ ಮಿತ್ರ 1981ರಲ್ಲೇ ಭಾರತೀಯ ಪುರಾತತ್ವ ಸರ್ವೇಕ್ಷಣಾಲಯದ ಮಹಾನಿರ್ದೇಶಕಿ ಆಗಿದ್ದರು. ಮೀಸಲಾತಿಯೂ ಇದೆ. ನಾನು ಕೋಚಿಂಗಿಗೆ 40,000 ಸುರಿದೆ. ಸಾಮಾನ್ಯ ವರ್ಗ, ಕಟ್‌ಆಫ್ ಸ್ವಲ್ಪದರಲ್ಲಿ ತಪ್ಪಿತು. ನನ್ನ ನೋವು ಯಾರು ಕೇಳ್ತಾರೆ?

ಹಾವೇರಿ ಅಕ್ಕ: ದೆಹಲಿಯಲ್ಲಿ ಒಬ್ಬರು ಮಹಾನಿರ್ದೇಶಕಿ ಆದರೆ ನಮ್ಮ ಕ್ಯಾಂಪಿಗೆ ಶೌಚಾಲಯ ಬರಲಿಲ್ಲ ಸರ್.

ಹುಬ್ಬಳ್ಳಿ: ಅಣ್ಣಾರೆ, ಮೀಸಲಾತಿ ಸಿಗೋದು ಸರ್ಕಾರಿ ಹುದ್ದೆಯ ಅಧಿಸೂಚನೆ ಬಂದಾಗ. ಅದು ಬರುವವರೆಗೆ ಹೊಟ್ಟೆಪಾಡು, ಅನುಭವ ಎರಡೂ ಗುತ್ತಿಗೆ ಕೆಲಸದಲ್ಲೇ. ಅಲ್ಲಿ ಪರೀಕ್ಷೆ ಇಲ್ಲ, ಯಾರ ಕಡೆಯವನು ಅಂತ ಕೇಳುತ್ತಾರೆ. ನನಗೆ 14,000 ಅಂದರು, ಕೈಗೆ ಬಂದದ್ದು 11,200. ದೀಪಾವಳಿಯ ಸಂಬಳ ಯುಗಾದಿಗೆ! ರೂಮಿಗೆ 3,500, ಮೆಸ್ಸಿಗೆ 2,800. ನನ್ನ ಮನೆತನದ ಅಡ್ಡಹೆಸರು ಕೇಳಿದ ಮೇಲೆ ಇಬ್ಬರು ನನ್ನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟರು. ಮುಂದಿನ ಸೀಸನ್‌ಗೆ ಕರೆಯಲೇ ಇಲ್ಲ. ಬುಟ್ಟಿ ಹೊರುವ ಹೆಂಗಸೊಬ್ಬಳು ಮಣ್ಣಿನಿಂದ ಬಣ್ಣ ಬಳಿದ ಮಡಕೆ ಚೂರು ಹೆಕ್ಕಿ ಕೊಟ್ಟಿದ್ದಳು. ವರದಿಯಲ್ಲಿ ಅವಳ ಹೆಸರಿಲ್ಲ, ನನ್ನದೂ ಇಲ್ಲ.

ಧಾರವಾಡ: ಎಲ್ಲದಕ್ಕೂ ಜಾತಿ ತರಬೇಡಿ.

ಹುಬ್ಬಳ್ಳಿ: ನಾನು ತಂದಿಲ್ಲ. ಊಟದ ಹೊತ್ತಲ್ಲಿ ಅವರು ತಂದರು.

ರಾಣೆಬೆನ್ನೂರು: ಭಾಷೆಯ ವಿಷಯ ಯಾರೂ ಎತ್ತಲಿಲ್ಲ. 2020ರಲ್ಲಿ ಕೇಂದ್ರದ ಪುರಾತತ್ವ ಪಿಜಿ ಡಿಪ್ಲೊಮಾ ಅರ್ಹತೆಯಲ್ಲಿ ಸಂಸ್ಕೃತ, ಪಾಲಿ, ಪ್ರಾಕೃತ, ಅರೇಬಿಕ್, ಪರ್ಷಿಯನ್ ಇದ್ದವು. ಕನ್ನಡ ಎಂಎ ಇರಲಿಲ್ಲ! ತಮಿಳುನಾಡು ಗಲಾಟೆ ಮಾಡಿದ ಮೇಲೆ ತಮಿಳಿನ ಜೊತೆ ಕನ್ನಡ, ತೆಲುಗು, ಮಲಯಾಳಂ, ಒಡಿಯಾ ಸೇರಿದವು. ಇಷ್ಟು ಶಾಸನ ಇರುವ ನಾವು ಸುಮ್ನೆ ಕೂತಿದ್ದೆವು.

ಧಾರವಾಡ: ಸುಮ್ನೆ ಅಂದರೇನು? 1965ರಲ್ಲಿ ನಿಮ್ಮ ಜಿಲ್ಲೆಯ ಹಳ್ಳೂರನ್ನು ಅಗೆದವರು ಎಂ.ಎಸ್. ನಾಗರಾಜ ರಾವ್. ದಕ್ಷಿಣದಲ್ಲಿ ಹಳೆಯ ಕಾಲದ ಕಬ್ಬಿಣ ಸಿಕ್ಕ ಊರುಗಳಲ್ಲಿ ಅದೂ ಒಂದು. ಕನ್ನಡಿಗರೇನು ಕಡಿಮೆ?

ರಾಣೆಬೆನ್ನೂರು: ಅಗೆದವರ ಹೆಸರು ನನಗೂ ಗೊತ್ತು. ನಾನು ಕೇಳಿದ್ದು ಭಾಷೆ ಬಗ್ಗೆ. ಮಾತು ತಿರುಗಿಸಬೇಡಿ.

ಪ್ರಶ್ನೆ (ಗದಗ): ಅಕ್ಕಾರೆ, ಕ್ಯಾಂಪಿಗೆ ಹೋಗುವ ಮೊದಲು ತಂಗಿ ಏನು ಕೇಳಿಕೊಳ್ಳಬೇಕು?

ಹಾವೇರಿ ಅಕ್ಕ: ಶೌಚಾಲಯ, ಮಲಗುವ ಜಾಗ, ಸಂಬಳದ ತಾರೀಖು. ಮೂರೂ ಬರಹದಲ್ಲಿ ಇರಲಿ. ಒತ್ತೆ ಮಾತ್ರ ಇಡಬೇಡಿ, ಬೋರಮಾಳ ಇನ್ನೂ ಬಿಡಿಸಿಲ್ಲ.

ಧಾರವಾಡ: ಬರಹದಲ್ಲಿ ಕೇಳಿದರೆ ಮೊದಲೇ ಕೈಬಿಡ್ತಾರೆ.

ಹುಬ್ಬಳ್ಳಿ: ಈಗ ಒಪ್ಪಿಕೊಂಡಿರಲ್ಲ!